ತೊಡೆಸಂದಿಯ ಗಂಟು ಏನು ಹೇಳುತ್ತದೆ?



ಹೊಲಕ್ಕೆ ಹೋದಾಗ ಅಂಗಾಲಿಗೆ ಜಾಲಿಮುಳ್ಳು ಚುಚ್ಚುತ್ತದೆ. ಕಿತ್ತು ಒಗೆದು ಮತ್ತೆ ಕೆಲಸಕ್ಕೆ ಹತ್ತುತ್ತೀರಿ. ಎರಡು ದಿನಕ್ಕೆ ಅಂಗಾಲು ಕೀವು ಹಿಡಿಯುತ್ತದೆ. ಅದರ ಜೊತೆಗೇ ತೊಡೆಸಂದಿಯಲ್ಲಿ ಒಂದು ಗಂಟು ಏಳುತ್ತದೆ. ಮುಟ್ಟಿದರೆ ನೋವು, ನಡೆದರೆ ಕಾಲು ಎಳೆಯಬೇಕು. ನಮ್ಮ ಊರಿನ ಮರಾಠಿ ಮಂದಿ ಇದಕ್ಕೆ ‘ಅವಧಾಣ’ ಎನ್ನುತ್ತಾರೆ. ನಮ್ಮ ಅಜ್ಜಿ ಮಾತ್ರ, ‘ಮುಳ್ಳಿನ ವಿಷ ಮ್ಯಾಲ ಏರೇದ, ತೊಡಿ ಸಂದಿಗೆ ಬಂದು ನಿಂತೇದ’ ಎನ್ನುತ್ತಿದ್ದಳು. ಕೈಗೆ ಗಾಯವಾದರೆ ಈ ಗಂಟು ಕಂಕುಳಲ್ಲಿ ಏಳುತ್ತದೆ. ಹಲ್ಲು ಕೆಟ್ಟರೆ ದವಡೆಯ ಕೆಳಗೆ. ತಲೆಯಲ್ಲಿ ಹೇನು ಕಡಿದು ಹುಣ್ಣಾದ ಮಕ್ಕಳಿಗೆ ಕಿವಿಯ ಹಿಂದೆ.

ಗಾಯ ಒಂದು ಕಡೆ, ಗಂಟು ಇನ್ನೊಂದು ಕಡೆ. ನಡುವೆ ಇರುವ ದಾರಿ ಯಾವುದು? ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಅವಳ ಮಾತು ಮುಕ್ಕಾಲು ಪಾಲು ಸರಿ ಎಂದು ನನಗೆ ತಿಳಿಯುವಾಗ ನನಗೆ ಐವತ್ತು ದಾಟಿತ್ತು.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರನಲ್ಲ. ಅಕ್ಕಲಕೋಟೆ ತಾಲೂಕಿನ ಹಳ್ಳಿಯವನು, ಮೆಟ್ರಿಕ್ ಪಾಸಾದವನು. ಬ್ಯಾಂಕೊಂದರಲ್ಲಿ ಮೂವತ್ತೆಂಟು ವರ್ಷ ಗುಮಾಸ್ತನಾಗಿ ಲೆಕ್ಕ ಬರೆದು ನಿವೃತ್ತನಾದವನು. ನಮ್ಮ ಮನೆಯಲ್ಲಿ ಒಂದು ಕಾಲಿತ್ತು. ನನ್ನ ಅಕ್ಕನ ಬಲಗಾಲು. ಆ ಕಾಲಿಗೆ ಏನಾಗಿದೆ ಎಂದು ಕೇಳಿ ಕೇಳಿ, ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಸಿಕ್ಕ ಪುಸ್ತಕ ಓದಿ, ಸರಕಾರಿ ದವಾಖಾನೆಯ ಡಾಕ್ಟರರ ಬೆನ್ನು ಹತ್ತಿ ನಾನು ಕಲಿತದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ. ಅಕ್ಕನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಲೆಕ್ಕ.

ಬ್ಯಾಂಕಿನಲ್ಲಿ ಸಂಜೆಯ ಹೊತ್ತು ಕ್ಯಾಷ್ ತಾಳೆ ಆಗಬೇಕು. ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು. ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ಯಾರೂ ಮನೆಗೆ ಹೋಗುವಂತಿಲ್ಲ. ನಮ್ಮ ರಕ್ತದ ಲೆಕ್ಕವೂ ಹಾಗೆಯೇ. ಹೃದಯ ನಿಮಿಷಕ್ಕೆ ಸುಮಾರು ೫ ಲೀಟರ್ ರಕ್ತವನ್ನು ತಳ್ಳುತ್ತದೆ. ಅದು ದೊಡ್ಡ ಕೊಳವೆಯಿಂದ ಸಣ್ಣ ಕೊಳವೆಗೆ ಹೋಗಿ, ಕೊನೆಗೆ ಕೂದಲಿಗಿಂತಲೂ ಸಣ್ಣ ಕೊಳವೆಗಳಲ್ಲಿ ಹರಿಯುತ್ತದೆ. ಆ ಸಣ್ಣ ಕೊಳವೆಗಳ ಗೋಡೆ ಸೋರುತ್ತದೆ. ಸೋರಲೇಬೇಕು, ಏಕೆಂದರೆ ಹಾಗೆ ಸೋರಿದ ನೀರೇ ಮೈಯ ಕಣಕಣಕ್ಕೂ ಅನ್ನ ಮುಟ್ಟಿಸುತ್ತದೆ. ಹೀಗೆ ದಿನಕ್ಕೆ ಸುಮಾರು ೨೦ ಲೀಟರ್ ನೀರು ರಕ್ತನಾಳದಿಂದ ಹೊರಗೆ ಹೋಗುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಅದರಲ್ಲಿ ೧೭ ಲೀಟರ್‌ನಷ್ಟು ಬಂದ ದಾರಿಯಲ್ಲೇ ರಕ್ತಕ್ಕೆ ಮರಳುತ್ತದೆ.

ಹಾಗಾದರೆ ಉಳಿದ ೩ ಲೀಟರ್ ಎಲ್ಲಿ? ಅದು ಅಲ್ಲಿಯೇ ನಿಂತರೆ ನಾಲ್ಕೇ ದಿನಕ್ಕೆ ನಾವೆಲ್ಲ ಊದಿ ಮಡಕೆಯಾಗಬೇಕಿತ್ತು. ಹಾಗೆ ಆಗುವುದಿಲ್ಲ. ಆ ನೀರನ್ನು ಬಳಿದು ತರಲು ಮೈತುಂಬ ಇನ್ನೊಂದು ಕೊಳವೆಗಳ ಜಾಲವಿದೆ. ಅದರೊಳಗೆ ಹರಿಯುವ ತಿಳಿಯಾದ ರಸಕ್ಕೆ ಕನ್ನಡದ ಶಾಲಾ ಪುಸ್ತಕ ‘ದುಗ್ಧರಸ’ ಎನ್ನುತ್ತದೆ. ಮರಾಠಿ ಶಾಲೆಗೆ ಹೋಗುವ ನಿಮ್ಮ ಮಕ್ಕಳು ಅದನ್ನೇ ‘ಲಸೀಕಾ’ ಎಂದು ಓದುತ್ತಾರೆ. ಇಲ್ಲಿ ಗಡಿಯ ಮಂದಿಗೆ ಒಂದು ಸಣ್ಣ ತೊಡಕು. ಕನ್ನಡದಲ್ಲಿ ಲಸಿಕೆ ಎಂದರೆ ಮಕ್ಕಳಿಗೆ ಹಾಕಿಸುವ ಸೂಜಿಮದ್ದು. ಮರಾಠಿಯಲ್ಲಿ ಅದಕ್ಕೆ ‘ಲಸ್’, ಲಸೀಕಾ ಎಂದರೆ ಈ ರಸ. ನನ್ನ ಮೊಮ್ಮಗಳು ಒಮ್ಮೆ ಗೊಂದಲಕ್ಕೆ ಬಿದ್ದು, ‘ಅಜ್ಜಾ, ನಮ್ಮ ಮೈಯಾಗೆಲ್ಲ ಪೋಲಿಯೋ ಲಸಿಕಿ ಹರೀತದೇನು?’ ಎಂದು ಕೇಳಿದಳು. ಮಗು ತಪ್ಪಾಗಿಯೇನೂ ಕೇಳಲಿಲ್ಲ. ಹಿಂದಿನ ಕಾಲದಲ್ಲಿ ಮೈಲಿಬೇನೆಗೆ ಹಾಕುತ್ತಿದ್ದ, ಕರುವಿನ ಬೊಕ್ಕೆಯಿಂದ ತೆಗೆದ ರಸವನ್ನು ಇಂಗ್ಲಿಷರೂ ಇದೇ ಹೆಸರಿನಿಂದ, ಲಿಂಫ್ ಎಂದೇ ಕರೆಯುತ್ತಿದ್ದರು.

ದುಗ್ಧ ಎಂದರೆ ಹಾಲು. ತಿಳಿನೀರಿನಂಥ ರಸಕ್ಕೆ ಹಾಲಿನ ಹೆಸರು ಏಕೆ? ಅದಕ್ಕೊಂದು ಕತೆಯಿದೆ. ೧೬೨೨ರಲ್ಲಿ ಇಟಲಿ ದೇಶದ ಗ್ಯಾಸ್ಪರೆ ಅಸೆಲ್ಲಿ ಎಂಬ ವೈದ್ಯ ಒಂದು ನಾಯಿಯ ಹೊಟ್ಟೆ ಕೊಯ್ದು ನೋಡುತ್ತಿದ್ದ. ಆ ನಾಯಿ ಸ್ವಲ್ಪ ಮೊದಲು ಹೊಟ್ಟೆತುಂಬ ತಿಂದಿತ್ತು. ಕರುಳಿನ ಪರದೆಯ ಮೇಲೆ ಬಿಳಿ ದಾರಗಳಂಥ ಗೆರೆಗಳು ಕಂಡವು. ನರಗಳಿರಬೇಕೆಂದು ಒಂದನ್ನು ಕತ್ತರಿಸಿದ. ಹಾಲಿನಂಥ ದ್ರವ ಚಿಮ್ಮಿತು. ಇನ್ನೊಂದು ದಿನ ಉಪವಾಸದ ನಾಯಿಯನ್ನು ಕೊಯ್ದರೆ ಬಿಳಿ ಗೆರೆಗಳಿಲ್ಲ. ಉಂಡ ಅನ್ನದ ಎಣ್ಣೆ ತುಪ್ಪದ ಅಂಶ ರಕ್ತಕ್ಕೆ ನೇರವಾಗಿ ಹೋಗದೆ ಈ ಕೊಳವೆಗಳ ಮೂಲಕ ಹೋಗುತ್ತದೆ. ಹಾಗೆ ಹೋಗುವಾಗ ರಸ ಹಾಲಿನ ಬಣ್ಣ ತಾಳುತ್ತದೆ. ನೀವು ಹೋಳಿಗೆಯ ಮೇಲೆ ತುಪ್ಪ ಸುರಿದುಕೊಂಡು ಉಂಡ ಮಧ್ಯಾಹ್ನ ನಿಮ್ಮ ಹೊಟ್ಟೆಯೊಳಗೂ ಇದೇ ಬಿಳಿ ದಾರಗಳು ಎದ್ದಿರುತ್ತವೆ.

ಈ ಜಾಲಕ್ಕೆ ರಕ್ತದಂತೆ ಹೃದಯವೆಂಬ ಪಂಪು ಇಲ್ಲ. ಕೊಳವೆಯ ಗೋಡೆ ತಾನೇ ಸ್ವಲ್ಪ ಹಿಂಡುತ್ತದೆ. ಉಳಿದ ಕೆಲಸ ನಮ್ಮ ಸ್ನಾಯುಗಳದು. ನೀವು ನಡೆದಾಗ ಮೀನಖಂಡ ಬಿಗಿದು ಸಡಿಲಾಗುತ್ತದೆ, ರಸ ಮೇಲಕ್ಕೆ ಏರುತ್ತದೆ. ಕೆಳಗೆ ಜಾರಬಾರದೆಂದು ಒಳಗೆ ಮೊಳಕೈಗೊಂದು ಅಲ್ಲ, ಬೆರಳುದ್ದಕ್ಕೆ ಹಲವಾರು ಕವಾಟಗಳಿವೆ. ಅವು ಒಂದೇ ಕಡೆಗೆ ತೆರೆಯುವ ಬಾಗಿಲುಗಳು. ಎರಡೂ ಕಾಲಿನಿಂದ, ಹೊಟ್ಟೆಯಿಂದ, ಎಡಗೈಯಿಂದ, ತಲೆಯ ಎಡಭಾಗದಿಂದ ಬಂದ ರಸವೆಲ್ಲ ಬೆನ್ನುಮೂಳೆಯ ಮುಂದೆ ಏರಿಬರುವ ಒಂದು ದೊಡ್ಡ ನಾಳಕ್ಕೆ ಕೂಡುತ್ತದೆ. ದೊಡ್ಡದೆಂದರೂ ಅದರ ದಪ್ಪ ಒಂದು ಜೋಳದ ಕಾಳಿನಷ್ಟು. ಅದು ಎಡ ಕೊರಳೆಲುಬಿನ ಹಿಂದೆ ರಕ್ತನಾಳಕ್ಕೆ ಹೋಗಿ ಸೇರುತ್ತದೆ. ಬಲಗೈ, ತಲೆಯ ಬಲಭಾಗ, ಎದೆಯ ಬಲಭಾಗಕ್ಕೆ ಬೇರೆ ಸಣ್ಣ ನಾಳ. ಅಲ್ಲಿಗೆ ೩ ಲೀಟರ್ ಜಮಾ ಆಯಿತು, ಖಾತೆ ತಾಳೆಯಾಯಿತು.

ಬರೇ ನೀರು ಸಾಗಿಸುವುದಷ್ಟೇ ಆಗಿದ್ದರೆ ಈ ಭಾಷಣ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ದಾರಿಯಲ್ಲಿ ನಾಕಾಗಳಿವೆ. ಇವೇ ನಮ್ಮ ಗಂಟುಗಳು, ದುಗ್ಧರಸ ಗ್ರಂಥಿಗಳು. ಮೈಯಲ್ಲಿ ೫೦೦ರಿಂದ ೬೦೦ರ ವರೆಗೆ ಇವೆ. ಹೆಚ್ಚಿನವು ಅವರೆಕಾಳಿನಷ್ಟು, ಅದಕ್ಕಿಂತ ಸಣ್ಣವೂ ಇವೆ. ಕುತ್ತಿಗೆ, ಕಂಕುಳು, ತೊಡೆಸಂದಿ, ಹೊಟ್ಟೆಯ ಒಳಗೆ, ಎದೆಗೂಡಿನ ಒಳಗೆ ಗುಂಪುಗುಂಪಾಗಿ ಕೂತಿವೆ. ಕಾಲಿನಿಂದ ಬರುವ ರಸ ತೊಡೆಸಂದಿಯ ನಾಕಾ ದಾಟಿಯೇ ಮುಂದೆ ಹೋಗಬೇಕು. ರಸದ ಜೊತೆ ಮುಳ್ಳು ಚುಚ್ಚಿದ ಕಡೆಯ ರೋಗಾಣುಗಳು ಬಂದರೆ ಅಲ್ಲಿ ತಡೆಯುತ್ತಾರೆ.

ಹೇಗೆ ತಡೆಯುತ್ತಾರೆ? ನಮ್ಮ ಕಾಲದ ಬ್ಯಾಂಕಿನಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಖಾತೆದಾರನ ಸಹಿಯ ನಮೂನೆ ಒಂದು ಕಾರ್ಡಿನಲ್ಲಿ ಇರುತ್ತಿತ್ತು. ಚೆಕ್ ಬಂದರೆ ಕಾರ್ಡು ತೆಗೆದು ಸಹಿಗೆ ಸಹಿ ಹೋಲಿಸಬೇಕು. ಗ್ರಂಥಿಯ ಒಳಗೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ತುಂಬಿಕೊಂಡಿವೆ. ಒಂದೊಂದು ಕಣವೂ ಒಂದೊಂದೇ ಸಹಿಯನ್ನು ಗುರುತಿಸಬಲ್ಲದು. ರೋಗಾಣುವಿನ ತುಣುಕು ಬಂದಾಗ ಅದನ್ನು ಇವರ ಮುಂದೆ ಹಿಡಿಯುತ್ತಾರೆ. ಗುರುತು ಹತ್ತಿದ ಕಣ ತಕ್ಷಣ ಒಂದು ಎರಡಾಗಿ, ಎರಡು ನಾಲ್ಕಾಗಿ, ಸಾವಿರಗಟ್ಟಲೆ ಆಗುತ್ತದೆ. ಗಂಟು ಊದುವುದು ಅದಕ್ಕೇ. ಅಜ್ಜಿ ಹೇಳಿದಂತೆ ವಿಷ ಬಂದು ನಿಂತಿರುವುದು ನಿಜ. ಅವಳಿಗೆ ಗೊತ್ತಿಲ್ಲದ್ದು ಕಾಲುಭಾಗ ಮಾತ್ರ: ಅದು ತಾನಾಗಿ ನಿಂತದ್ದಲ್ಲ, ಹಿಡಿದು ನಿಲ್ಲಿಸಿದ್ದು. ಯುದ್ಧ ಮುಗಿದ ಮೇಲೆ ಕೆಲವು ಕಣಗಳು ಆ ಕಾರ್ಡನ್ನು ವರ್ಷಗಟ್ಟಲೆ ಕಾಯ್ದಿಡುತ್ತವೆ. ಒಮ್ಮೆ ದಡಾರ ಬಂದವರಿಗೆ ಮತ್ತೆ ಬಾರದಿರುವುದು, ಲಸಿಕೆ ಕೆಲಸ ಮಾಡುವುದು ಇದರಿಂದಲೇ.

ಒಮ್ಮೊಮ್ಮೆ ನಾಕಾದವರೇ ಸೋಲುತ್ತಾರೆ. ೧೮೯೬ರಲ್ಲಿ ಮುಂಬೈಗೆ ಬಂದ ಪ್ಲೇಗು ನಮ್ಮ ಕಡೆಗೂ ಹಬ್ಬಿತು. ಊರಿಗೆ ಊರೇ ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕತೆಯನ್ನು ನಿಮ್ಮ ಮನೆಯ ಹಿರಿಯರೂ ಹೇಳಿದ್ದಾರು. ಮರಾಠಿಯಲ್ಲಿ ಅದಕ್ಕೆ ‘ಗಾಠೀಚಾ ತಾಪ’, ಗಂಟಿನ ಜ್ವರ ಎಂದೇ ಹೆಸರು. ಇಲಿಯ ಚಿಗಟ ಕಚ್ಚುವುದು ಹೆಚ್ಚಾಗಿ ಕಾಲಿಗೆ, ಗಂಟು ಏಳುವುದು ತೊಡೆಸಂದಿಯಲ್ಲಿ. ಆ ರೋಗಾಣು ಗ್ರಂಥಿಯನ್ನೇ ಹಾಳುಮಾಡಿ ರಕ್ತಕ್ಕೆ ದಾಟುತ್ತಿತ್ತು. ಆಗ ಮದ್ದಿರಲಿಲ್ಲ, ಈಗ ಇದೆ. ಹಾಗೆಯೇ ಕುತ್ತಿಗೆಯಲ್ಲಿ ಸಾಲಾಗಿ ಗಂಟುಗಳು ಎದ್ದು, ಒಡೆದು ಸೋರುವ ಗಂಡಮಾಲೆ. ಇದಕ್ಕೆ ಮಂತ್ರ ಹಾಕಿಸಿ, ದಾರ ಕಟ್ಟಿಸಿ ಕಾಲ ಕಳೆದವರನ್ನು ನಾನು ಕಂಡಿದ್ದೇನೆ. ಬಹಳ ಸಲ ಅದು ಕ್ಷಯ, ಪುಪ್ಪುಸ ಬಿಟ್ಟು ಗ್ರಂಥಿಗೆ ಬಂದ ಕ್ಷಯ. ಸಾಮಾನ್ಯವಾಗಿ ಆರು ತಿಂಗಳು ಗುಳಿಗೆ ತಪ್ಪದೆ ನುಂಗಿದರೆ ವಾಸಿಯಾಗುತ್ತದೆ. ಸರಕಾರಿ ದವಾಖಾನೆಯಲ್ಲಿ ಗುಳಿಗೆಗೆ ದುಡ್ಡಿಲ್ಲ. ಎರಡು ಮೂರು ವಾರವಾದರೂ ಇಳಿಯದ ಗಂಟು, ನೋವಿಲ್ಲದೆ ಬೆಳೆಯುತ್ತಿರುವ ಗಟ್ಟಿ ಗಂಟು ಕಂಡರೆ ಡಾಕ್ಟರರಿಗೆ ತೋರಿಸಿ. ಕ್ಯಾನ್ಸರು ಕೂಡ ಇದೇ ಕೊಳವೆಗಳ ದಾರಿ ಹಿಡಿದು ಹೋಗುತ್ತದೆ. ಮೊಲೆಯ ಕ್ಯಾನ್ಸರಿಗೆ ಮೊದಲು ಕಂಕುಳನ್ನು ತಡವಿ ನೋಡುವುದು ಅದಕ್ಕೇ.

ಈ ಇಲಾಖೆಯ ದೊಡ್ಡ ಕಚೇರಿಗಳನ್ನೂ ಹೇಳಿಬಿಡುತ್ತೇನೆ. ಗಂಟಲಿನ ಎರಡೂ ಬದಿಗೆ ಇರುವ ಟಾನ್ಸಿಲ್ ಬಾಯಿಯ ಬಾಗಿಲು ಕಾಯುತ್ತದೆ. ಸಣ್ಣ ಕರುಳಿನ ಕೊನೆಯ ಭಾಗದ ಗೋಡೆಯಲ್ಲಿ ಇಂಥದೇ ಕಣಗಳ ತೇಪೆಗಳಿವೆ. ಯಾವುದಕ್ಕೂ ಬಾರದ್ದೆಂದು ಬೈಸಿಕೊಳ್ಳುವ ಅಪೆಂಡಿಕ್ಸಿನಲ್ಲಿಯೂ ಇವೆ. ಎಡಗಡೆ ಪಕ್ಕೆಲುಬಿನ ಅಡಿಯಲ್ಲಿ ಗುಲ್ಮ, ಅಂದರೆ ಪ್ಲೀಹ. ತೂಕ ಸುಮಾರು ೧೫೦ ಗ್ರಾಂ. ಗ್ರಂಥಿಗಳು ದುಗ್ಧರಸ ಸೋಸಿದರೆ ಗುಲ್ಮ ರಕ್ತವನ್ನೇ ಸೋಸುತ್ತದೆ. ಮುದಿಯಾದ ಕೆಂಪು ಕಣಗಳನ್ನು, ನಮ್ಮಲ್ಲಿ ಹರಕು ನೋಟು ಬೇರೆ ಮಾಡಿದಂತೆ, ಬೇರೆ ಮಾಡಿ ನಾಶಮಾಡುತ್ತದೆ. ಮಲೇರಿಯಾ ಪದೇ ಪದೇ ಬಂದರೆ ಗುಲ್ಮ ದೊಡ್ಡದಾಗಿ ಪಕ್ಕೆಯ ಕೆಳಗೆ ಕೈಗೆ ಸಿಗುತ್ತದೆ. ೧೮೪೦ರ ದಶಕದಲ್ಲಿ ಉತ್ತರ ಹಿಂದುಸ್ತಾನದ ಕಾಲುವೆ ಹಳ್ಳಿಗಳಲ್ಲಿ ಡೆಂಪ್‌ಸ್ಟರ್ ಎಂಬ ಡಾಕ್ಟರ್ ಜನರ ಹೊಟ್ಟೆ ಮುಟ್ಟಿ ನೋಡಿಯೇ ಯಾವ ಊರಿನಲ್ಲಿ ಎಷ್ಟು ಚಳಿಜ್ವರವಿದೆ ಎಂದು ಅಳೆದಿದ್ದ. ರಕ್ತ ಪರೀಕ್ಷೆಯ ಹೆಸರೇ ಇಲ್ಲದ ಕಾಲ ಅದು.

ಎದೆಯೆಲುಬಿನ ಹಿಂದೆ ಥೈಮಸ್ ಎಂಬ ಮೆತ್ತಗಿನ ಗ್ರಂಥಿಯಿದೆ. ಮಕ್ಕಳಲ್ಲಿ ದೊಡ್ಡದು, ಹರೆಯ ಕಳೆದ ಮೇಲೆ ಕರಗಿ ಕೊಬ್ಬಾಗುತ್ತ ಹೋಗುತ್ತದೆ. ಇದು ಕಣಗಳ ತರಬೇತಿ ಶಾಲೆ. ಪರರನ್ನು ಹಿಡಿಯಬೇಕು, ತನ್ನ ಮನೆಯವರನ್ನು ಹೊಡೆಯಬಾರದು ಎಂಬ ಪಾಠ ಅಲ್ಲಿ ಆಗುತ್ತದೆ. ಹೆಚ್ಚಿನವು ನಪಾಸಾಗಿ ಅಲ್ಲಿಯೇ ಸಾಯುತ್ತವೆ. ಪಾಸಾದವು ಟಿ ಕಣಗಳು. ಜ್ಯಾಕ್ ಮಿಲ್ಲರ್ ಎಂಬ ವಿಜ್ಞಾನಿ ೧೯೬೧ರಲ್ಲಿ ಆಗಷ್ಟೇ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದು ನೋಡುವ ವರೆಗೆ ಅದೂ ನಿರುಪಯೋಗಿ ಎಂದೇ ಎಲ್ಲರ ನಂಬಿಕೆಯಾಗಿತ್ತು. ಇನ್ನೊಂದು ಜಾತಿ ಬಿ ಕಣಗಳು. ಅವುಗಳ ಗುಟ್ಟು ಸಿಕ್ಕಿದ್ದು ಕೋಳಿಯಲ್ಲಿ. ಕೋಳಿಯ ಹಿಂಭಾಗದಲ್ಲಿ, ಹಿಕ್ಕೆಯ ದ್ವಾರದ ಹತ್ತಿರ ಒಂದು ಸಣ್ಣ ಚೀಲವಿರುತ್ತದೆ. ಅಮೆರಿಕದ ಬ್ರೂಸ್ ಗ್ಲಿಕ್ ಎಂಬವರು ಅದನ್ನು ತೆಗೆದ ಕೋಳಿಗಳು ರೋಗಕ್ಕೆ ಪ್ರತಿವಿಷ ಮಾಡಲಾರವು ಎಂದು ಕಂಡರು. ದೊಡ್ಡ ಪತ್ರಿಕೆ ಅವರ ಲೇಖನವನ್ನು ಹಿಂದಕ್ಕೆ ಕಳಿಸಿತು. ೧೯೫೬ರಲ್ಲಿ ಅದು ಕೋಳಿ ಸಾಕಣೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಮನುಷ್ಯರಲ್ಲಿ ಆ ಚೀಲವಿಲ್ಲ. ನಮ್ಮ ಬಿ ಕಣಗಳು ಎಲುಬಿನ ಒಳಗಿನ ಮಜ್ಜೆಯಲ್ಲಿ ತಯಾರಾಗುತ್ತವೆ.

ಈಗ ನನ್ನ ಅಕ್ಕನ ಕಾಲು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ೧೯೭೦ರಲ್ಲಿ ಅವಳನ್ನು ಸೋಲಾಪುರಕ್ಕೆ ಕೊಟ್ಟರು. ಮಾವ ಗಿರಣಿ ಕೆಲಸಗಾರ. ಚಾಳಿನ ಒಂದು ಖೋಲಿಯ ಮನೆ, ಬಾಗಿಲ ಮುಂದೆಯೇ ತೆರೆದ ಗಟಾರ. ನಾನು ರಜೆಗೆ ಹೋದಾಗ ಸಂಜೆಯಾದರೆ ಸೊಳ್ಳೆಗಳ ಗುಂಯ್‌ಗುಟ್ಟುವಿಕೆಗೆ ಮಾತು ಕೇಳಿಸುತ್ತಿರಲಿಲ್ಲ. ಕೆಲವು ವರ್ಷದ ಮೇಲೆ ಅವಳಿಗೆ ನಡುಗಿಸುವ ಜ್ವರ ಬಂತು. ತೊಡೆಸಂದಿಯಲ್ಲಿ ಗಂಟು, ಕಾಲಿನ ಮೇಲೆ ಕೆಂಪು ಗೆರೆ. ನಾಲ್ಕು ದಿನಕ್ಕೆ ಇಳಿಯಿತು. ಮುಳ್ಳು ಚುಚ್ಚಿರಲಿಲ್ಲ, ಗಾಯವೂ ಇರಲಿಲ್ಲ. ಮತ್ತೆ ಆರು ತಿಂಗಳಿಗೆ ಅದೇ ಜ್ವರ. ಪ್ರತಿ ಸಲವೂ ಜ್ವರ ಹೋಗುತ್ತಿತ್ತು, ಬಾವು ಸ್ವಲ್ಪ ಉಳಿಯುತ್ತಿತ್ತು. ೧೯೮೫ರ ಹೊತ್ತಿಗೆ ಪಾದ ಯಾವ ಚಪ್ಪಲಿಗೂ ಹಿಡಿಸುತ್ತಿರಲಿಲ್ಲ. ಅವಳ ಮನೆಯವರು ತವರಿಗೆ ತಂದು ಬಿಟ್ಟು ಹೋದರು. ಮತ್ತೆ ಕರೆಯಲು ಬರಲಿಲ್ಲ.

ಆನೆಕಾಲು ರೋಗ. ಮರಾಠಿಯ ಹತ್ತೀರೋಗ. ಊರವರು ಹೇಳದ ಮಾತಿಲ್ಲ. ಯಾರೋ ಮಾಟ ಮಾಡಿಸಿದ್ದನ್ನು ದಾಟಿದಳು ಎಂದರು, ಹಿಂದಿನ ಜನ್ಮದ ಪಾಪ ಎಂದರು, ವಂಶಕ್ಕೆ ಬರುತ್ತದೆ ಎಂದರು. ಬೇರೆಯವರನ್ನು ಏಕೆ ದೂರಲಿ. ೨೦೦೮ರಲ್ಲಿ ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ, ಅವರು ಹೋಗುವ ವರೆಗೆ ಒಳಗಿನ ಖೋಲಿಯಲ್ಲಿ ಇರು ಎಂದು ಅಕ್ಕನಿಗೆ ಹೇಳಿದವನು ನಾನೇ. ಅವಳು ‘ಹೂಂ’ ಎಂದಳು. ಮಂದಿ ಹೋಗುವ ವರೆಗೆ ಮೂರು ತಾಸು ಬಾಗಿಲ ಹಿಂದೆ ಕೂತಿದ್ದಳು. ಅವಲಕ್ಕಿ ಕೂಡ ಅಲ್ಲಿಗೇ ಕೊಟ್ಟೆವು.

ಆ ಕಾಲಿನಲ್ಲಿ ನಡೆದದ್ದೇನು? ವುಚೆರೇರಿಯಾ ಎಂಬ ಹುಳ. ಹೆಣ್ಣುಹುಳ ೮ರಿಂದ ೧೦ ಸೆಂಟಿಮೀಟರ್ ಉದ್ದ, ಹೊಲಿಗೆ ದಾರದಷ್ಟು ತೆಳು. ಗಂಡು ಅದರ ಅರ್ಧ. ಮೈಯಲ್ಲಿ ಇಷ್ಟೊಂದು ಜಾಗವಿದ್ದರೂ ಇವು ಮನೆ ಮಾಡುವುದು ದುಗ್ಧರಸದ ಕೊಳವೆಗಳಲ್ಲಿಯೇ. ಅಲ್ಲಿ ೫ರಿಂದ ೮ ವರ್ಷ ಬದುಕಿ ಲಕ್ಷಗಟ್ಟಲೆ ಮರಿ ಹಾಕುತ್ತವೆ. ಮರಿಗಳು ಹಗಲು ಪುಪ್ಪುಸದ ರಕ್ತನಾಳಗಳಲ್ಲಿ ಅಡಗಿದ್ದು ರಾತ್ರಿ ಹೊರಗಿನ ರಕ್ತಕ್ಕೆ ಬರುತ್ತವೆ. ಏಕೆಂದರೆ ಅವುಗಳನ್ನು ಒಯ್ಯುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದು ರಾತ್ರಿ. ಆರೋಗ್ಯ ಇಲಾಖೆಯವರು ಈ ರೋಗಕ್ಕೆ ರಾತ್ರಿಯೇ ಬಂದು ಬೆರಳು ಚುಚ್ಚುವುದು ಇದಕ್ಕಾಗಿ. ನಮ್ಮ ಊರಿಗೆ ಅವರು ಮೊದಲ ಸಲ ರಾತ್ರಿ ಬಂದಾಗ ಕಳ್ಳರೆಂದು ನಾಯಿ ಬಿಟ್ಟವರಿದ್ದಾರೆ. ಸೊಳ್ಳೆಯೊಳಗೆ ಮರಿ ಹತ್ತು ಹನ್ನೆರಡು ದಿನ ಬೆಳೆದು ಇನ್ನೊಬ್ಬರ ಮೈಗೆ ದಾಟುತ್ತದೆ. ಈ ಮರಿ ಸೊಳ್ಳೆಯೊಳಗೆ ಬೆಳೆಯುತ್ತದೆ ಎಂದು ಪ್ಯಾಟ್ರಿಕ್ ಮ್ಯಾನ್ಸನ್ ಎಂಬವನು ೧೮೭೭ರಲ್ಲಿ ಚೀನಾದಲ್ಲಿ ಹುಡುಕಿ ತೋರಿಸಿದ. ರೋಗವೊಂದರ ಹುಳ ಸೊಳ್ಳೆಯೊಳಗೆ ಬೆಳೆಯುತ್ತದೆಂದು ಜಗತ್ತಿಗೆ ತಿಳಿದದ್ದು ಆಗಲೇ. ಮಲೇರಿಯಾದ ವಿಷಯ ಅದಕ್ಕೂ ಇಪ್ಪತ್ತು ವರ್ಷ ತಡವಾಗಿ ತಿಳಿಯಿತು. ಅದಕ್ಕೂ ಮೊದಲು, ೧೮೭೨ರಲ್ಲಿ, ಕಲಕತ್ತೆಯಲ್ಲಿ ಲೂಯಿಸ್ ಎಂಬ ಡಾಕ್ಟರ್ ಮನುಷ್ಯನ ರಕ್ತದಲ್ಲಿ ಆ ಮರಿಗಳನ್ನು ಕಂಡಿದ್ದ.

ಹುಳ ಕೂತ ಕೊಳವೆ ಹಿಗ್ಗುತ್ತದೆ. ಕವಾಟದ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ರಸ ಮೇಲೇರದೆ ಕೆಳಗೆ ನಿಲ್ಲುತ್ತದೆ. ಅದು ಬರೇ ನೀರಲ್ಲ, ಅದರಲ್ಲಿ ರಕ್ತದಿಂದ ಸೋರಿದ ಪ್ರೋಟೀನೂ ಇದೆ. ಆ ಪ್ರೋಟೀನಿಗೆ ರಕ್ತಕ್ಕೆ ಮರಳಲು ಬೇರೆ ದಾರಿಯಿಲ್ಲ. ನಿಂತ ನೀರಿನಲ್ಲಿ ಕೊಳೆ ಹೆಚ್ಚಿದಂತೆ ಅಲ್ಲಿ ರೋಗಾಣು ಹೆಚ್ಚುತ್ತವೆ. ಬೆರಳ ಸಂದಿಯ ಸಣ್ಣ ಬಿರುಕಿನಿಂದ ಒಳಗೆ ಹೊಕ್ಕರೆ ಸಾಕು, ಜ್ವರ ಬರುತ್ತದೆ. ಒಂದೊಂದು ಜ್ವರಕ್ಕೂ ಉಳಿದ ಕೊಳವೆಗಳು ಕೆಡುತ್ತವೆ, ಚರ್ಮ ದಪ್ಪವಾಗುತ್ತದೆ. ಗಂಡಸರಿಗೆ ಇದೇ ಹುಳದಿಂದ ಬೀಜದ ಚೀಲದಲ್ಲಿ ನೀರು ತುಂಬುತ್ತದೆ. ಧೋತರದ ಅಡಿಯಲ್ಲಿ ಮುಚ್ಚಿಟ್ಟುಕೊಂಡು ಹೇಳದೆ ಒದ್ದಾಡುವವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅದಕ್ಕೆ ಸಣ್ಣ ಶಸ್ತ್ರಕ್ರಿಯೆ ಇದೆ, ಮಾಡಿಸಿಕೊಳ್ಳಿ. ನಾಚಿಕೆ ಪಡುವಂಥದು ಏನೂ ಇಲ್ಲ.

ಮುಟ್ಟಿದರೆ ಇದು ಬರುವುದಿಲ್ಲ. ವಂಶಕ್ಕೂ ಬರುವುದಿಲ್ಲ. ಈ ಎರಡು ಮಾತು ನನಗೆ ೨೦೦೮ರಲ್ಲಿ ಗೊತ್ತಿರಬೇಕಿತ್ತು.

ರೋಗಕ್ಕೆ ಗಡಿಯಿಲ್ಲ. ಈಚೆ ಸೋಲಾಪುರ, ಲಾತೂರ, ನಾಂದೇಡ. ಆಚೆ ಕಲಬುರಗಿ, ಬೀದರ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ. ಕೆಳಗೆ ಕರಾವಳಿಯ ಜಿಲ್ಲೆಗಳು. ಎಲ್ಲ ಕಡೆಗೂ ಸರಕಾರ ಇದನ್ನು ಆನೆಕಾಲು ರೋಗದ ಪ್ರದೇಶವೆಂದು ಗುರುತಿಸಿ ಗುಳಿಗೆ ಹಂಚಿದೆ. ದೇಶದ ನಿಯಂತ್ರಣ ಯೋಜನೆ ಶುರುವಾದದ್ದು ೧೯೫೫ರಲ್ಲಿ. ೨೦೦೪ರಿಂದ ವರ್ಷಕ್ಕೊಮ್ಮೆ ರೋಗವಿರಲಿ ಇಲ್ಲದಿರಲಿ ಎಲ್ಲರಿಗೂ ಮನೆಮನೆಗೆ ಗುಳಿಗೆ ಕೊಡುವ ಕ್ರಮ ಬಂತು. ಮೊದಲು ಡಿಇಸಿ ಗುಳಿಗೆ, ಆಮೇಲೆ ಅದರ ಜೊತೆ ಅಲ್ಬೆಂಡಜೋಲ್. ೨೦೧೮ರಿಂದ ಕೆಲವು ಜಿಲ್ಲೆಗಳಲ್ಲಿ ಮೂರನೆಯದಾಗಿ ಐವರ್‌ಮೆಕ್ಟಿನ್.

ಈ ಗುಳಿಗೆಯನ್ನು ನಾನು ಏನು ಮಾಡಿದೆ, ಕೇಳಿ. ಗಂಡಿನ ಕಡೆಯವರು ಬಂದು ಹೋದ ವರ್ಷವೇ ಆರೋಗ್ಯ ಸೇವಿಕೆ ಬಂದಳು. ಮನೆಯವರಿಗೆಲ್ಲ ಎಣಿಸಿ ಕೊಟ್ಟಳು. ‘ಊಟಾ ಆದ ಮ್ಯಾಲ ತಗೋತೀವಿ, ಇಟ್ಟು ಹೋಗವ್ವಾ’ ಎಂದು ಹೇಳಿ ಕಳಿಸಿದೆ. ಅವಳು ಓಣಿ ದಾಟಿದ ಮೇಲೆ ಎಲ್ಲವನ್ನೂ ಮೇಜಿನ ಖಾನೆಗೆ ಹಾಕಿದೆ. ಹಿಂದಿನ ವರ್ಷದವೂ ಅಲ್ಲಿಯೇ ಇದ್ದವು. ನನಗೇನಾಗಿದೆ? ಕೈಕಾಲು ಗಟ್ಟಿಯಿವೆ, ಸುಮ್ಮನೆ ಗುಳಿಗೆ ಏಕೆ ನುಂಗಬೇಕು? ಅಕ್ಕ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಹೆಚ್ಚು ಮಾತಾಡುವವಳಲ್ಲ. ಅವತ್ತು ಹೇಳಿದಳು: ‘ತಮ್ಮಾ, ನನಗ ಕಾಲು ಗಟ್ಟಿ ಇದ್ದಾಗ ಯಾರರ ಈ ಗುಳಿಗಿ ತಂದು ಕೊಟ್ಟಿದ್ದರ, ನಾ ಬಾಗಲಾ ಹಿಂದ ಕೂಡತಿದ್ದಿಲ್ಲ.’

ಖಾನೆ ತೆಗೆದೆ. ಹಳೆಯವನ್ನು ಚೆಲ್ಲಿ, ಹೊಸವನ್ನು ಅವಳ ಎದುರಿಗೇ ನುಂಗಿದೆ. ಆ ರಾತ್ರಿ ನನಗೆ ಜ್ವರ ಬಂತು, ತಲೆ ಸುತ್ತಿತು. ಬೆಳಿಗ್ಗೆ ಸೇವಿಕೆಯ ಮೇಲೆ ಸಿಟ್ಟಾಗಿ ದವಾಖಾನೆಗೆ ಹೋದರೆ ಡಾಕ್ಟರರು ಹೇಳಿದರು, ‘ಗುಳಿಗೆ ತಗೊಂಡು ಹೀಗೆ ಜ್ವರ ಬಂದರೆ ರಕ್ತದೊಳಗಿನ ಹುಳದ ಮರಿಗಳು ಸತ್ತು ಬಂದಿರಬಹುದು. ನೀವು ತಗೊಂಡದ್ದು ಒಳ್ಳೆಯದಾಯಿತು.’ ನಾನು ಅಲ್ಲಿಯೇ ಬೆಂಚಿನ ಮೇಲೆ ಕೂತುಬಿಟ್ಟೆ. ಹೊರಗೆ ಏನೂ ಕಾಣಿಸದೆ ವರ್ಷಗಟ್ಟಲೆ ಹುಳ ಒಳಗಿರುತ್ತದೆ. ಅಷ್ಟೂ ಕಾಲ ಸೊಳ್ಳೆಗಳು ನಮ್ಮಿಂದ ಒಯ್ದು ನೆರೆಮನೆಯ ಮಕ್ಕಳಿಗೆ ಕೊಡುತ್ತಿರುತ್ತವೆ. ನನ್ನ ಲೆಡ್ಜರಿನಲ್ಲಿ ಅಂಥ ಎಷ್ಟು ಜಮಾ ಇದೆಯೋ.

ಗುಳಿಗೆ ಹಂಚುವುದು ಕೆಲವು ಜಿಲ್ಲೆಗಳಲ್ಲಿ ಮುಗಿದಿದೆ, ಕೆಲವು ಕಡೆ ಮುಂದುವರಿದಿದೆ. ೨೦೨೭ರೊಳಗೆ ರೋಗವನ್ನು ದೇಶದಿಂದ ತೊಲಗಿಸಬೇಕೆಂದು ಸರಕಾರ ಗುರಿ ಇಟ್ಟುಕೊಂಡಿದೆ. ನಿಮ್ಮ ಊರಿಗೆ ಬಂದರೆ ಖಾಲಿ ಹೊಟ್ಟೆಯಲ್ಲಿ ಬೇಡ, ಊಟ ಮಾಡಿ, ಕೊಟ್ಟವರ ಎದುರಿಗೇ ನುಂಗಿ. ಎರಡು ವರ್ಷದೊಳಗಿನ ಕೂಸು, ಬಸುರಿ, ಹಾಸಿಗೆ ಹಿಡಿದ ರೋಗಿ, ಇವರಿಗೆ ಕೊಡುವುದಿಲ್ಲ. ಗಟಾರ ಹರಿಯುವಂತೆ ನೋಡಿ, ಶೌಚದ ಗುಂಡಿಯ ಗಾಳಿಕೊಳವೆಗೆ ಜಾಳಿಗೆಯ ಬಟ್ಟೆ ಕಟ್ಟಿ, ರಾತ್ರಿ ಸೊಳ್ಳೆಪರದೆ ಕಟ್ಟಿಕೊಂಡು ಮಲಗಿ.

ಈಗಾಗಲೇ ಕಾಲು ಬಾತವರಿಗೆ ಈ ಗುಳಿಗೆಯಿಂದ ಕಾಲು ಮೊದಲಿನಂತೆ ಆಗುವುದಿಲ್ಲ. ಹಾಗೆಂದು ಕೈಚೆಲ್ಲಬೇಕಾಗಿಲ್ಲ. ಕಾಸರಗೋಡಿನಲ್ಲಿ ೧೯೯೯ರಲ್ಲಿ ಶುರುವಾದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಆಯುರ್ವೇದ, ಯೋಗ, ಬಿಗಿಪಟ್ಟಿ ಸೇರಿಸಿ ಇಂಥ ಕಾಲುಗಳಿಗೆ ಚಿಕಿತ್ಸೆ ಕೊಡುತ್ತಾರೆ. ಅಷ್ಟು ದೂರ ಹೋಗಲಾಗದವರಿಗೆ ಮನೆಯಲ್ಲಿಯೇ ಮಾಡುವ ಕೆಲಸವಿದೆ. ನಮ್ಮ ದವಾಖಾನೆಯ ನರ್ಸ್ ಬಾಯಿ ನನಗೆ ಕಲಿಸಿಕೊಟ್ಟದ್ದು ಅದನ್ನೇ.

ಸಂಜೆ ಆರಕ್ಕೆ ಅಕ್ಕ ಹಿತ್ತಲ ಕಲ್ಲಿನ ಮೇಲೆ ಕೂಡುತ್ತಾಳೆ. ಬಕೀಟಿನಲ್ಲಿ ಮಾಮೂಲಿ ನೀರು, ಬಿಸಿ ಬೇಡ. ಸಾದಾ ಸಾಬೂನು ಹಚ್ಚಿ ಮೆಲ್ಲಗೆ ತೊಳೆಯಬೇಕು, ಬ್ರಷ್ಷಿನಿಂದ ಉಜ್ಜಬಾರದು. ಚರ್ಮದ ಮಡಿಕೆಗಳ ಒಳಗೆ, ಬೆರಳ ಸಂದಿಗಳಲ್ಲಿ ಬೆರಳಿಟ್ಟು ತೊಳೆಯಬೇಕು. ಆಮೇಲೆ ಮೆತ್ತನೆಯ ಹಳೆಯ ಧೋತರದ ತುಂಡಿನಿಂದ ಒತ್ತಿ ಒತ್ತಿ ಒರೆಸಬೇಕು, ಸಂದಿಯಲ್ಲಿ ಹಸಿ ಉಳಿಯಬಾರದು. ಬಿರುಕು ಇದ್ದರೆ ಡಾಕ್ಟರರು ಕೊಟ್ಟ ಮುಲಾಮು. ಪಾದವನ್ನು ಮೇಲೆ ಕೆಳಗೆ ಇಪ್ಪತ್ತು ಸಲ ಆಡಿಸಬೇಕು. ಪಂಪಿಲ್ಲದ ಜಾಲಕ್ಕೆ ಸ್ನಾಯುವೇ ಪಂಪು ಎಂದೆನಲ್ಲ, ಅದಕ್ಕೆ. ಮಲಗುವಾಗ ಕಾಲಡಿಗೆ ದಿಂಬು. ಜ್ವರ ಬಂದಾಗ ಮಾತ್ರ ಕಾಲು ಆಡಿಸಬಾರದು, ತಣ್ಣೀರ ಬಟ್ಟೆ ಹಾಕಿ ದವಾಖಾನೆಗೆ ಹೋಗಬೇಕು. ಮೊದಲು ವರ್ಷಕ್ಕೆ ನಾಲ್ಕೈದು ಸಲ ಬರುತ್ತಿದ್ದ ಜ್ವರ ಈಗ ಮೂರು ವರ್ಷದಿಂದ ಬಂದಿಲ್ಲ. ಚಮ್ಮಾರ ಬಂಧು ಒಬ್ಬರು ಅಳತೆ ತೆಗೆದು ಅಗಲವಾದ ಚಪ್ಪಲಿ ಹೊಲಿದುಕೊಟ್ಟಿದ್ದಾರೆ.

ಹೋದ ಬೇಸಿಗೆಯಲ್ಲಿ ಮೊಮ್ಮಗಳ ಶಾಲೆಯ ಗೆಳತಿಯರು ಮನೆಗೆ ಬಂದಿದ್ದರು. ಅಕ್ಕ ಪಡಸಾಲೆಯಲ್ಲಿ, ಎಲ್ಲರ ನಡುವೆ, ಕಾಲನ್ನು ಸ್ಟೂಲಿನ ಮೇಲೆ ಇಟ್ಟುಕೊಂಡು ಕೂತಿದ್ದಳು. ಒಬ್ಬ ಹುಡುಗಿ ‘ಆಜೀ, ದುಖತ ಕಾ?’ ಎಂದು ಮರಾಠಿಯಲ್ಲಿ ಕೇಳಿದಳು. ಅಕ್ಕ ಕನ್ನಡದಲ್ಲಿ, ‘ಇಲ್ಲವ್ವಾ, ಈಗ ನೋಯಂಗಿಲ್ಲ’ ಎಂದಳು. ಆಮೇಲೆ ಅವರೆಲ್ಲರ ಕೈಗೆ ಅವಲಕ್ಕಿ ಕೊಟ್ಟಳು.